ಹನ್ನೊಂದು ನೀರುದೋಸೆ

ಕಡಲಕರೆ ಕನ್ನಡ ಬಳಗ, ಮಹಿಳಾ ವಿಭಾಗ
ಐರೋಲಿ, ನವಿ ಮುಂಬಯಿ
12 ಜನವರಿ 2025

ಶ್ರೀಮತಿ ಜಯಲತಾ ಧರ್ಮಪಾಲ, ರಬಾಳೆ, ಇವರಿಗೆ

ಮಾನ್ಯರೇ,

ಬಳಗದ ‘ಅನ್ನನಿಧಿ’ ಯೋಜನೆಯಲ್ಲಿ ತಿಂಗಳ ರೇಶನ್ ಕಿಟ್ ಕೋರಿ ತಾವು ಸಲ್ಲಿಸಿದ ಅರ್ಜಿ ತಲುಪಿದೆ. ನಿಯಮದಂತೆ ನಮ್ಮ ಸಮಿತಿಯ ಶ್ರೀ ಸಂಕರ್ಷಣ ರಾವ್ ಮತ್ತು ಕುಮಾರಿ ಅಪೇಕ್ಷಾ ಜನವರಿ 5ರ ಭಾನುವಾರ ತಮ್ಮ ಮನೆಗೆ ಭೇಟಿ ಕೊಟ್ಟಿದ್ದರು. ಅವರ ವರದಿ ಹೀಗಿದೆ: “ಮನೆ ಚಿಕ್ಕದಾದರೂ ಅಚ್ಚುಕಟ್ಟಾಗಿದೆ. ಬಂದವರಿಗೆ ನೀರುದೋಸೆ, ಕಾಯಿಬೆಲ್ಲ ಮತ್ತು ಹಾಲು ಹಾಕಿದ ಕಾಫಿಯ ಉಪಚಾರವಾಯಿತು. ಅತಿಥಿಸತ್ಕಾರಕ್ಕೆ ಯಾವ ಕೊರತೆಯೂ ಕಂಡುಬರಲಿಲ್ಲ. ಊಟಕ್ಕೆ ತತ್ವಾರವಿರುವ ಕುಟುಂಬವೆಂದು ಹೇಳಲಾಗದು.”

ಆದ್ದರಿಂದ ತಮ್ಮ ಅರ್ಜಿಯನ್ನು ಈ ವರ್ಷ ಪರಿಗಣಿಸಲಾಗುತ್ತಿಲ್ಲ ಎಂದು ತಿಳಿಸಲು ವಿಷಾದಿಸುತ್ತೇವೆ. ಬಳಗದ ಮೇಲೆ ತಮ್ಮ ಅಭಿಮಾನ ಹೀಗೆಯೇ ಇರಲಿ.

ವಂದನೆಗಳೊಂದಿಗೆ,
ಮುಕ್ತಾ ಭಟ್
ಕಾರ್ಯದರ್ಶಿ


ರಬಾಳೆ
19 ಜನವರಿ 2025

ಕಾರ್ಯದರ್ಶಿಯವರಿಗೆ,

ನಿಮ್ಮ ಕಾಗದ ಬಂತು. ಮೂರು ಸಲ ಓದಿದೆ. ಓದಿ ಅಸಹ್ಯವಾಯಿತು. ಸಹಾಯ ಕೇಳುವವರು ಬರೆಯುವ ಮಾತೇ ಇದು ಎಂದು ನಿಮಗನ್ನಿಸಬಹುದು. ಅರ್ಜಿ ಹೇಗೂ ತಿಪ್ಪೆ ಸೇರಿತಲ್ಲ, ಇನ್ನು ನನಗೇನು ಹೆದರಿಕೆ?

ಆ ದೋಸೆಯ ಕಥೆಯನ್ನು ನಿಮ್ಮ ವರದಿಯಲ್ಲಿ ಅರ್ಧ ಮಾತ್ರ ಬರೆದಿದ್ದಾರೆ. ಉಳಿದರ್ಧ ನಾನು ಬರೆಯುತ್ತೇನೆ. ನಾಲ್ಕನೇ ತಾರೀಖು ಸಂಜೆ “ನಾಳೆ ಬರುತ್ತೇವೆ” ಎಂದು ಫೋನ್ ಬಂತು. ಮನೆಯಲ್ಲಿದ್ದದ್ದು ಎರಡು ದಿನದ ಅಕ್ಕಿ. ನಮಗೆ ಎರಡು ದಿನ ಎಂದರೆ ನಮ್ಮವರಿಗೆ ಎರಡು ಹೊತ್ತು ಅನ್ನ, ನನಗೆ ಗಂಜಿಯ ತಿಳಿ. ಅದನ್ನು ನೆನೆಹಾಕಿದೆ. ಕಾಯಿ ಇರಲಿಲ್ಲ. ಪಕ್ಕದ ಖೋಲಿಯ ಸತ್ಯಮ್ಮ, ಕಲಬುರ್ಗಿ ಕಡೆಯವಳು, ಗಾರೆ ಕೆಲಸಕ್ಕೆ ಹೋಗುವವಳು, ನಾನು ಕೇಳುವ ಮೊದಲೇ ಬಾಗಿಲಲ್ಲಿ ನಿಂತಳು. “ಯಕ್ಕಾ, ಮನಿಗಿ ಮಂದಿ ಬರಾಕತ್ತಾರ, ಬರೇ ಬಾಯಿಲೆ ಹ್ಯಾಂಗ ಕಳಸ್ತಿ? ತಗೊ, ಕಾಯಿ ತಗೊ, ಬೆಲ್ಲಾನೂ ತಗೊ” ಎಂದಳು. ಹಾಲಿನ ಅರ್ಧ ಪ್ಯಾಕೆಟ್ಟೂ ಅವಳದೇ.

ನಿಮ್ಮ ರಾಯರು ಏಳು ದೋಸೆ ತಿಂದರು. “ಭಾರೀ ಲಾಯ್ಕಾಗಿದೆ ಮಾರಾಯ್ತಿ, ಇನ್ನೊಂದು ಹಾಕಿ” ಎಂದು ತಾವಾಗಿಯೇ ಕೇಳಿ ಹಾಕಿಸಿಕೊಂಡರು. ಆ ಹುಡುಗಿ ನಾಲ್ಕು ತಿಂದಳು. “ಆಂಟಿ, ಕಿತ್ನಾ ಸಾಫ್ಟ್ ಹೈ, ಮಮ್ಮಿ ಸೇ ಐಸಾ ನಹೀ ಬನ್ತಾ” ಎಂದಳು. ಅವಳ ಅಮ್ಮನಿಗೂ ಇಷ್ಟು ಮೆತ್ತಗೆ ಬರುವುದಿಲ್ಲವಂತೆ. ನನಗೆ ನಿಜವಾಗಿಯೂ ಖುಷಿಯಾಯಿತು, ಅದನ್ನೇಕೆ ಸುಳ್ಳು ಹೇಳಲಿ. ನಮ್ಮವರು ಚಾಪೆಯ ಮೇಲೆ ಕೂತು “ಇನ್ನೊಂದು ತಕೊಳ್ಳಿ, ಇನ್ನೊಂದು ತಕೊಳ್ಳಿ” ಎನ್ನುತ್ತಲೇ ಇದ್ದರು. ಹಿಟ್ಟು ಮುಗಿಯಿತು. ಅವರು ಇಳಿದು ಹೋದ ಮೇಲೆ ನಾವಿಬ್ಬರೂ ಕಾವಲಿ ತೊಳೆದಿಟ್ಟು ಬರಿಹೊಟ್ಟೆಯಲ್ಲಿ ಕೂತೆವು. ಉಂಡೂ ಹೋದ, ಕೊಂಡೂ ಹೋದ ಎನ್ನುತ್ತಾರಲ್ಲ, ಹಾಗಾಯಿತು. ಉಂಡದ್ದಕ್ಕೆ ನನಗೆ ಬೇಜಾರಿಲ್ಲ. ಉಂಡದ್ದನ್ನು ನಮ್ಮ ಮೇಲೆಯೇ ಸಾಕ್ಷಿಯಾಗಿ ಬರೆದಿರಲ್ಲ, ಅದಕ್ಕೆ ಹೇಸಿಗೆಯಾಗುತ್ತದೆ.

ಅರ್ಜಿಯಲ್ಲಿ ಬರೆದದ್ದನ್ನು ಯಾರೂ ಓದಿಲ್ಲವೆಂದು ಕಾಣುತ್ತದೆ, ಮತ್ತೆ ಬರೆಯುತ್ತೇನೆ. ನನ್ನ ಗಂಡ ಮೂವತ್ತೈದು ವರ್ಷ ಹೋಟೆಲಿನಲ್ಲಿ ಸಪ್ಲಾಯರ್ ಆಗಿದ್ದರು, ಕೊನೆಗೆ ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನ ಹತ್ತಿರ. ಸಕ್ಕರೆ ಕಾಯಿಲೆಯಿಂದ ಬಲಗಾಲಿನ ಎರಡು ಬೆರಳು ತೆಗೆದರು. ನಿಲ್ಲಲಾಗದ ಸಪ್ಲಾಯರನನ್ನು ಯಾವ ಧಣಿ ಇಟ್ಟುಕೊಳ್ಳುತ್ತಾನೆ? ಇನ್ಸುಲಿನ್ ಸರಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತದೆ. ಆದರೆ ಸೂಜಿ ಚುಚ್ಚಿದ ಅರ್ಧ ಗಂಟೆಯೊಳಗೆ ಉಣ್ಣಬೇಕು, ಉಣ್ಣದಿದ್ದರೆ ಬೆವರಿ, ನಡುಗಿ, ಎಚ್ಚರ ತಪ್ಪುತ್ತದೆ. ಹಾಗಾಗಿ ಅನ್ನ ಇದ್ದ ಹೊತ್ತು ಸೂಜಿ, ಇಲ್ಲದ ಹೊತ್ತು ಇಲ್ಲ. ಗಾಯ ಮಾಗುತ್ತಿಲ್ಲ. ಡಾಕ್ಟರು ಇನ್ನು ಪಾದವನ್ನೇ ತೆಗೆಯುವ ಮಾತಾಡುತ್ತಿದ್ದಾರೆ. ರೇಶನ್ ಕಾರ್ಡಿನಲ್ಲಿ ನಮ್ಮ ಹೆಸರು ಊರಲ್ಲಿದೆ. ಇಲ್ಲಿಗೆ ತರಲು ಎರಡು ವರ್ಷದಿಂದ ಆಫೀಸಿನ ಮೆಟ್ಟಿಲು ಹತ್ತಿ ಇಳಿಯುತ್ತಿದ್ದೇನೆ. ನಾನು ನಿಮ್ಮ ಐರೋಲಿಯಲ್ಲೇ, ಐಟಿ ಪಾರ್ಕಿನ ಹಿಂದಿನ ಪೋಳಿ-ಭಾಜಿ ಕೇಂದ್ರದಲ್ಲಿ ಬೆಳಗ್ಗಿನಿಂದ ಚಪಾತಿ ಲಟ್ಟಿಸುತ್ತೇನೆ. ದಿನವಿಡೀ ಹಿಟ್ಟಿನಲ್ಲಿ ಕೈಯಿಟ್ಟು ಖಾಲಿ ಕೈಯಲ್ಲಿ ಮನೆಗೆ ಬರುತ್ತೇನೆ. ಹರಿದ ಚಪಾತಿಯನ್ನೂ ಮಾಲಕಿ ಶೇಟಾಣಿ ಎಣಿಸಿಯೇ ಡಬ್ಬಿಗೆ ಹಾಕುತ್ತಾಳೆ.

ಕೊನೆಗೊಂದು ಮಾತು. ಈ ಸಹಿ ಮಾಡಿದ ಮುಕ್ತಾ ಯಾರೆಂದು ನಿಮ್ಮ ಬಿಲ್ಡಿಂಗಿನ ವಾಚ್‌ಮನ್ ಮುಂಡಪ್ಪನನ್ನು ಕೇಳಿದೆ. ಪಲಿಮಾರಿನವರು, ನಮ್ಮೂರಿನವರೇ ಎಂದ. ಏಳನೇ ಕ್ಲಾಸಿನ ತನಕ ನನ್ನ ಪಕ್ಕದಲ್ಲಿ ಕೂರುತ್ತಿದ್ದ ಮುಕ್ತಾಳೇ ಇವರಾಗಿದ್ದರೆ, ಆ ಸಹಿಯನ್ನು ಓದಿ ಮಾಡಿದರೋ ಓದದೆ ಮಾಡಿದರೋ ತಿಳಿಯಬೇಕಿತ್ತು. ಫೋನಿಗೆ ರೀಚಾರ್ಜ್ ಇಲ್ಲ. ಉತ್ತರ ಬರೆದರೆ ಮುಂಡಪ್ಪನ ಕೈಯಲ್ಲಿ ಕೊಡಿ, ಕೆಲಸದಿಂದ ಬರುವಾಗ ತೆಗೆದುಕೊಳ್ಳುತ್ತೇನೆ.

ಇತಿ,
ಜಯಲತಾ


ಐರೋಲಿ
9 ಫೆಬ್ರವರಿ 2025

ಪ್ರೀತಿಯ ಜಯ,

ಹೌದು, ಅದೇ ಮುಕ್ತಾ. ಓದದೆ ಸಹಿ ಮಾಡಿದೆ. ಒಂದೇ ದಿನ ನಲವತ್ತು ಕಾಗದಕ್ಕೆ ಸಹಿ ಹಾಕಿದೆ, ಧರ್ಮಪಾಲ ಎಂಬ ಹೆಸರಿನ ಹಿಂದೆ ನೀನಿರುವೆ ಎಂದು ನನಗೆ ಹೇಗೆ ಗೊತ್ತಾಗಬೇಕು? ಇದು ನೆಪವೆಂದು ನೀನು ಹೇಳುವ ಮೊದಲೇ ನಾನು ಹೇಳಿಬಿಡುತ್ತೇನೆ. ನಾಲ್ಕು ದೋಸೆ ತಿಂದ ಹುಡುಗಿ ನನ್ನ ಮಗಳು. ನಿನ್ನ ಕಾಗದ ಓದಿ ಹೇಳಿದೆ. ಕನ್ನಡ ಅರ್ಥವಾಗುತ್ತದೆ ಅವಳಿಗೆ. ಎದ್ದು ತನ್ನ ರೂಮಿಗೆ ಹೋದಳು, ರಾತ್ರಿ ಊಟಕ್ಕೆ ಬರಲಿಲ್ಲ.

ನಿನ್ನನ್ನು ನೋಡಲು ಬರಬೇಕಿತ್ತು. ರಬಾಳೆ ಎಂದರೆ ಒಂದೇ ಸ್ಟೇಷನ್, ಗೊತ್ತು. ನಮ್ಮವರು ಹೊಸ ಹೋಟೆಲಿನ ಓಡಾಟದಲ್ಲಿದ್ದಾರೆ, ಅತ್ತೆ ಹಾಸಿಗೆ ಹಿಡಿದಿದ್ದಾರೆ, ನನ್ನ ಮೊಣಕಾಲು. ಇರಲಿ.

ಕೆಲಸದ ಮಾತು. ಮರುಪರಿಶೀಲನೆಗೆ ಅವಕಾಶವಿದೆ. ನಾನು ಸಮಿತಿಯಲ್ಲಿ ಹಟ ಹಿಡಿದು ಮಾರ್ಚ್ 2ರ ಭಾನುವಾರ ಎರಡನೇ ಭೇಟಿ ಗೊತ್ತುಮಾಡಿಸಿದ್ದೇನೆ. ನಾನೂ ಬರುತ್ತೇನೆ. ಆದರೆ ಸಂಕರ್ಷಣ ರಾಯರೂ ಬರುತ್ತಾರೆ, ಸಹಿ ಅವರದೇ ನಡೆಯುವುದು. “ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ, ಅಂಥವರಿಗೆ ಕೊಟ್ಟರೆ ದಾನಿಗಳಿಗೆ ಏನು ಹೇಳೂದು?” ಎಂದು ಮೀಟಿಂಗಿನಲ್ಲಿ ನನ್ನನ್ನೇ ಕೇಳಿದರು. ಅದಕ್ಕೆ ಜಯ, ಸಿಟ್ಟು ಮಾಡಬೇಡ, ಈ ಸಲ ಏನೂ ಕೊಡಬೇಡ. ತಿಂಡಿ ಬೇಡ, ಕಾಫಿ ಬೇಡ. ಬೆಲ್ಲ ನೀರೂ ಬೇಡ. ಬರೀ ನೀರೂ ಬೇಡ. ನೀರು ಬಂದರೆ ಅದರ ಹಿಂದೆ ಮಾತು ಬರುತ್ತದೆ, ಮಾತಿನ ಹಿಂದೆ ನಿನ್ನ ಗಂಡ “ಇನ್ನೊಂದು ತಕೊಳ್ಳಿ” ಎನ್ನುತ್ತಾರೆ. ಪಾತ್ರೆಗಳನ್ನು ಬೋರಲು ಹಾಕಿಡು. ಹತ್ತು ನಿಮಿಷದ ಮಾತು. ಆಮೇಲೆ ವರ್ಷವಿಡೀ ಅಕ್ಕಿ.

ನನಗೆ ಫೋನ್ ಮಾಡಬೇಡ, ಬರೆ. ಮನೆಯಲ್ಲಿ ನೂರು ಕಿವಿ.

ನಿನ್ನ,
ಮುಕ್ತಾ


ರಬಾಳೆ
16 ಫೆಬ್ರವರಿ 2025

ಮುಕ್ತಾ,

ಆಗಲಿ. ನೀರೂ ಇಲ್ಲ. ಬರೆದುಕೊಂಡೆ.

ಚಿಕ್ಕಂದಿನಲ್ಲಿ ನಿಮ್ಮ ಮನೆಗೆ ನಾನು ಬಂದರೆ ನಿನ್ನ ಅಜ್ಜಿ ನನ್ನನ್ನು ಜಗಲಿ ದಾಟಿಸುತ್ತಿರಲಿಲ್ಲ. ನನ್ನ ಜಾತಿ ಅವರಿಗೆ ನನಗಿಂತ ಮೊದಲು ಕಾಣುತ್ತಿತ್ತು. ಆದರೆ ಬೆಲ್ಲದ ಚೂರು, ಒಂದು ಲೋಟ ನೀರು ಇಡದೆ ಒಂದು ದಿನವೂ ಕಳಿಸಿದವರಲ್ಲ. ಲೋಟವನ್ನು ನಾನೇ ತೊಳೆದಿಡುತ್ತಿದ್ದೆ, ಅದು ಬೇರೆ ಮಾತು. ಅಂಥವರೂ ಮಾಡದ ಕೆಲಸವನ್ನು ನೀನು ನನಗೆ ಹೇಳಿಕೊಡುತ್ತಿದ್ದೀಯ. ನಾನು ಕಲಿಯುತ್ತಿದ್ದೇನೆ.

ನಮ್ಮವರಿಗೆ ಹೇಳಲು ಬಾಯಿ ಬಂದಿಲ್ಲ.

ಜಯಲತಾ


ರಬಾಳೆ
16 ಮಾರ್ಚ್ 2025

ಮುಕ್ತಾ,

ಕಿಟ್ ಒಂಬತ್ತನೇ ತಾರೀಖು ಬಂತು. ಹತ್ತು ಕಿಲೋ ಅಕ್ಕಿ, ತೊಗರಿಬೇಳೆ, ಎಣ್ಣೆ, ಸಕ್ಕರೆ. ಸಕ್ಕರೆ ಕಾಯಿಲೆಯವರ ಮನೆಗೆ ಎರಡು ಕಿಲೋ ಸಕ್ಕರೆ. ಇರಲಿ, ಅರ್ಧ ಕೊಟ್ಟು ಸತ್ಯಮ್ಮನ ಬೆಲ್ಲದ ಋಣ ತೀರಿಸಿದೆ. ನಿನಗೆ ಕೃತಜ್ಞತೆ ಹೇಳಬೇಕೆಂದು ಕೂತರೆ ಬೇರೆಯೇ ಬರುತ್ತಿದೆ.

ಆ ದಿನ ನೀನು ನೋಡಿದ್ದಿ, ಆದರೂ ನಾನು ನೋಡಿದ್ದನ್ನು ಬರೆಯುತ್ತೇನೆ. ನಲವತ್ತು ವರ್ಷದ ಮೇಲೆ ನಿನ್ನನ್ನು ಕಂಡೆ. “ಮುಕ್ತಾ” ಎಂದು ಬಾಯಿ ತೆರೆದವಳು ನೀನು ಫೈಲಿನೊಳಗೆ ತಲೆ ಹಾಕಿದ್ದು ಕಂಡು ಮುಚ್ಚಿಕೊಂಡೆ. ಗುಡ್ಡದ ಮೆಟ್ಟಿಲು ಹತ್ತಿ ಬಂದ ರಾಯರಿಗೆ ಕೆಮ್ಮು ಹತ್ತಿತು. ಬಿಸಿಲು ಹಾಗಿತ್ತು. “ಒಂಚೂರು ನೀರು ಸಿಗಬಹುದಾ?” ಎಂದು ಕೇಳಿದರು. ಅವರ ಹಿಂದೆ, ಒಂದು ಮೊಳ ದೂರದಲ್ಲಿ, ಬೆಳಿಗ್ಗೆ ತುಂಬಿಸಿದ ನೀಲಿ ಡ್ರಮ್ಮು. ನೀನು ಗೋಡೆಯ ಕ್ಯಾಲೆಂಡರ್ ಓದತೊಡಗಿದೆ. ಇವರು ಚಾಪೆಯಿಂದ ಒಂದು ಕೈ ಊರಿ ಏಳಹೊರಟರು. ನಾನು ಅವರ ಮಣಿಕಟ್ಟು ಹಿಡಿದೆ, ಉಗುರು ಊರುವ ಹಾಗೆ ಹಿಡಿದೆ. “ಇವತ್ತು ನೀರು ಬಂದಿಲ್ಲ” ಎಂದೆ. ರಾಯರು ಕೆಮ್ಮುತ್ತಲೇ ಬರೆದುಕೊಂಡರು. ಏನು ಬರೆದರೆಂದು ನನಗೆ ಕಾಣುತ್ತಿತ್ತು: “ಕುಡಿಯುವ ನೀರಿಗೂ ಪರದಾಟ.” ಅವರ ಮುಖದಲ್ಲಿ ನೆಮ್ಮದಿ ಇತ್ತು. ಈ ಸಲ ನಾವು ಸರಿಯಾಗಿ ಬಡವರಾಗಿದ್ದೆವು.

ಆಮೇಲೆ ಫೋಟೋ. ನಿನ್ನ ಮಗಳು ಮೊಬೈಲು ಹಿಡಿದಳು. ನನಗೆ ಅಭ್ಯಾಸ, ಫೋಟೋ ಎಂದರೆ ನಗು ಬರುತ್ತದೆ. “ಆಂಟಿ, ಸ್ಮೈಲ್ ಮತ್ ಕರೋ ಪ್ಲೀಸ್, ರಿಜೆಕ್ಟ್ ಹೋ ಜಾಯೇಗಾ” ಎಂದಳು. ನಗಬೇಡಿ, ನಕ್ಕರೆ ಅರ್ಜಿ ಬಿದ್ದುಹೋಗುತ್ತದೆ ಎಂದು ಹೇಳುವಾಗ ಅವಳ ಕಣ್ಣಲ್ಲಿ ನೀರಿತ್ತು. ಅದು ನಿನಗೆ ಕಂಡಿತೋ ಇಲ್ಲವೋ. ಮೂವರಲ್ಲಿ ಆ ಹುಡುಗಿಯ ಮೇಲೆ ಮಾತ್ರ ನನಗೆ ಸಿಟ್ಟಿಲ್ಲ.

ಈಗ ನಿಜವಾದ ಸಂಕಟ ಕೇಳು. ಇವರು ಆ ಅಕ್ಕಿಯ ಅನ್ನ ಮುಟ್ಟುತ್ತಿಲ್ಲ. ಮೊದಲ ದಿನ ಬಡಿಸಿದೆ, ತಟ್ಟೆ ಸರಿಸಿದರು. “ಗಿರಾಕಿ ಕೂತ ಕೂಡ್ಲೆ ಮೊದ್ಲು ನೀರು. ಆರ್ಡರ್ ಎಲ್ಲ ಮತ್ತೆ. ದುಡ್ಡು ಉಂಟಾ ಇಲ್ವಾ ಅಂತ ಕೇಳೂದು ಅದಕ್ಕಿಂತಲೂ ಮತ್ತೆ. ಮೂವತ್ತೈದು ವರ್ಷ ನಾ ಒಬ್ಬನನ್ನು ಬಾಯಾರಿಸಿ ಕಳಿಸಿದವ ಅಲ್ಲ. ನನ್ನ ಮನೆಯಲ್ಲಿ, ನನ್ನ ಕಣ್ಣೆದುರು...” ಎಂದರು. ಬೇರೆ ಅಕ್ಕಿ ಎಂದು ಸುಳ್ಳು ಹೇಳಿ ನೋಡಿದೆ. ಹೋಟೆಲಿನವರಿಗೆ ಅಕ್ಕಿ ಗೊತ್ತಾಗುವುದಿಲ್ಲವೇ? ವಾಸನೆ ನೋಡಿಯೇ ಮುಖ ತಿರುಗಿಸಿದರು. ಒಂದು ವಾರದಿಂದ ಚಹಾಕ್ಕೆ ಪಾವ್ ಅದ್ದಿ ತಿನ್ನುತ್ತಿದ್ದಾರೆ. ಮೊನ್ನೆ ನಾನು ಬುದ್ಧಿಗೇಡಿ, ಅನ್ನ ಎದುರಿಗಿದ್ದರೆ ಉಂಡೇ ಉಣ್ಣುತ್ತಾರೆ ಎಂದು ಸೂಜಿ ಚುಚ್ಚಿಬಿಟ್ಟೆ. ಉಣ್ಣಲಿಲ್ಲ. ಬೆವರು ಹರಿಯಿತು, ಬಾಯಿ ತೊದಲಿತು. ನಿಮ್ಮ ಸಕ್ಕರೆಯನ್ನೇ ನಾಲಿಗೆಗೆ ತಿಕ್ಕಿ ಬದುಕಿಸಿದೆ. ಮತ್ತೆ ಸೂಜಿ ಮುಟ್ಟಲು ನನಗೆ ಧೈರ್ಯವಿಲ್ಲ. ಮನೆಯಲ್ಲಿ ಅಕ್ಕಿ ಇದೆ, ಔಷಧಿ ಇದೆ, ಗಾಯ ಮಾತ್ರ ಮೇಲೆ ಮೇಲೆ ಹೋಗುತ್ತಿದೆ.

ನಿನ್ನೆ ಬಹಳ ಕಾಡಿ ಕೇಳಿದ್ದಕ್ಕೆ ಒಂದು ಮಾತು ಹೇಳಿದರು. “ಅವರು ಬಂದು ಈ ಮನೆಯಲ್ಲಿ ಒಂದು ಊಟ ಮಾಡಿ ಹೋಗ್ಲಿ. ಮತ್ತೆ ನಾನು ಉಣ್ತೇನೆ.”

ಬಾ ಮುಕ್ತಾ. ಫೈಲು ಬೇಡ, ರಾಯರು ಬೇಡ. ಅರ್ಧ ಗಂಟೆ. ಬಾಗಿಲಿನ ಪೇಂಟಿನ ಡಬ್ಬಿಯಲ್ಲಿ ಬಸಳೆ ಚಿಗುರಿದೆ, ಬೇಳೆ ನೀವೇ ಕೊಟ್ಟದ್ದು. ನಮ್ಮದು ಮೀನು ಬೇಯಿಸುವ ಮನೆ ಎಂದು ಅಳುಕುವುದಾದರೆ, ಅಳುಕಬೇಡ. ಚೌತಿಯ ನಂತರ ಈ ಮನೆಗೆ ಮೀನು ಬಂದಿಲ್ಲ. ವಾಸನೆ ಕೂಡ ಹೋಗಿ ಎಷ್ಟೋ ತಿಂಗಳಾಯಿತು.

ಕಾಯುತ್ತಿರುವ,
ಜಯ


ಐರೋಲಿ
6 ಏಪ್ರಿಲ್ 2025

ಪ್ರೀತಿಯ ಜಯ,

ತಡವಾಗಿ ಬರೆಯುತ್ತಿದ್ದೇನೆ. ನಿನ್ನ ಕಾಗದ ಮೂರು ವಾರ ನನ್ನ ಕಪಾಟಿನಲ್ಲಿತ್ತು.

ಮೊದಲು ಒಳ್ಳೆಯ ಸುದ್ದಿ. ನಿನ್ನ ಕಿಟ್ ಮುಂದಿನ ಮಾರ್ಚಿನ ತನಕ ಮಂಜೂರಾಗಿದೆ. ಬಳಗದ ವಾರ್ಷಿಕ ಸಂಚಿಕೆಯ ಮುಖಪುಟಕ್ಕೆ ನಿಮ್ಮಿಬ್ಬರ ಫೋಟೋ ಆಯ್ಕೆಯಾಗಿದೆ. ನೋಡಿದರೆ ಕರುಳು ಚುರುಕ್ಕೆನ್ನುತ್ತದೆ ಎಂದು ಎಲ್ಲರೂ ಹೇಳಿದರು. ನಾನು ಬೇಡವೆಂದೆ. ಬಹುಮತದ ಮುಂದೆ ನನ್ನ ಮಾತು ಬಿದ್ದುಹೋಯಿತು.

ಇನ್ನು ಊಟದ ವಿಷಯ. ಹೇಗೆ ಬರೆಯಲಿ? ಮೊದಲನೇ ಭೇಟಿಯ ಗೊಂದಲ ಮತ್ತೆ ಆಗಬಾರದೆಂದು ನಾನೇ ನಿನ್ನ ಹನ್ನೊಂದು ದೋಸೆಯ ಕಾಗದವನ್ನು ಸಮಿತಿಯಲ್ಲಿ ಓದಿದೆ. ಅವರಿಗೆ ನಾಚಿಕೆಯಾಗಲಿ ಎಂದು ಓದಿದೆ, ಜಯ. ರಾಯರು ತಲೆದೂಗಿ “ಹೌದು, ಇದು ತಪ್ಪು” ಎಂದು ಆಗಲೇ ಒಂದು ಠರಾವು ತಂದರು: ಇನ್ನು ಮುಂದೆ ಸಮಿತಿಯವರು ಯಾರೂ ಫಲಾನುಭವಿಯ ಮನೆಯಲ್ಲಿ ತಿಂಡಿ, ಊಟ, ನೀರನ್ನೂ ಸೇವಿಸತಕ್ಕದ್ದಲ್ಲ. ಎಲ್ಲರೂ ಕೈಯೆತ್ತಿದರು. ಕಾರ್ಯದರ್ಶಿಯಾಗಿ ನಾನೇ ಸಹಿ ಹಾಕಿದ್ದೇನೆ. ಈ ಸಲ ಓದಿಯೇ ಹಾಕಿದೆ.

ನಾನೇ ಮುರಿದರೆ ನಿನ್ನ ಕಿಟ್ಟಿಗೇ ಕುತ್ತು. ಧರ್ಮಪಾಲರಿಗೆ ತಿಳಿಸಿ ಹೇಳು, ಅವರು ತಿಳಿದವರು. ಮೀನಿನ ಮಾತು ಬರೆಯಬಾರದಿತ್ತು ನೀನು. ಆದರೆ ಅತ್ತೆ ಇರುವಷ್ಟು ದಿನ ಆ ಅಳುಕೂ ಇದೆ. ಸುಳ್ಳು ಹೇಳುವುದಿಲ್ಲ.

ಮುಂಡಪ್ಪನ ಕೈಯಲ್ಲಿ ಒಂದು ಡಬ್ಬಿ ಚಟ್ನಿಪುಡಿ ಕಳಿಸಿದ್ದೇನೆ.

ನಿನ್ನ,
ಮುಕ್ತಾ


ರಬಾಳೆ
17 ಏಪ್ರಿಲ್ 2025

ಮುಕ್ತಾ,

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಗೊತ್ತಿತ್ತು. ವರವನ್ನೂ ಕೊಟ್ಟು, ಫೋಟೋವನ್ನೂ ತೆಗೆದು, ನಮ್ಮ ಮನೆಯ ನೀರಿಗೆ ಠರಾವು ಹಾಕುವ ಪೂಜಾರಿಗಳನ್ನು ಈಗ ಕಂಡೆ. ನಿನ್ನ ಕಾಗದ ಓದಿ ವಾಕರಿಕೆ ಬಂತು. ನಾನು ಬರೆದದ್ದಕ್ಕೆ ನಿಮಗೆ ಅರ್ಥವಾದದ್ದು ಇಷ್ಟೇ ಎಂದರೆ, ಇನ್ನು ಯಾವ ಭಾಷೆಯಲ್ಲಿ ಬರೆಯಬೇಕೋ ನನಗೆ ತಿಳಿಯದು.

ಕಿಟ್ಟನ್ನು ವಾಪಸು ಕಳಿಸುತ್ತೇನೆ ಎಂದುಕೊಂಡೆಯಾ? ಕಳಿಸುವುದಿಲ್ಲ. ಅಷ್ಟು ದೊಡ್ಡ ಮಾನ ನನಗಿಲ್ಲ. ಒಂದೊಂದು ಕಾಳೂ ಬೇಯಿಸುತ್ತೇನೆ. ಇವರ ಪಾದ ಉಳಿಯಬೇಕು, ನನಗೆ ಅಷ್ಟೇ ಬೇಕು.

ಮೊನ್ನೆ ಮಂಗಳವಾರ ಸತ್ಯಮ್ಮನ ಗಂಡ ಇವರನ್ನು ರಿಕ್ಷಾದಲ್ಲಿ ಡ್ರೆಸ್ಸಿಂಗಿಗೆ ಕರೆದುಕೊಂಡು ಹೋದ. ನಾನು ಕೆಲಸಕ್ಕೆ ರಜೆ ಹಾಕಿದೆ. ಎರಡು ಪಾವು ಅಕ್ಕಿ ಇಟ್ಟೆ. ಬಸಳೆ ಕೊಯ್ದು ಹುಳಿ ಮಾಡಿದೆ. ಸತ್ಯಮ್ಮನ ಮನೆಯಿಂದ ಸ್ಟೀಲಿನ ದೊಡ್ಡ ತಟ್ಟೆ ತಂದೆ, ನಮ್ಮದರ ಅಂಚು ಸೀಳಿದೆ. ತಟ್ಟೆಯ ಪಕ್ಕದಲ್ಲಿ ಲೋಟದ ತುಂಬ ನೀರಿಟ್ಟೆ. ಮಣೆ ಹಾಕಿದೆ. ನೀನು ಕೂತಿದ್ದಿ ಎಂದು ಮನಸ್ಸಿನಲ್ಲೇ ಅಂದುಕೊಂಡು ಬಡಿಸಿದೆ. ಆಮೇಲೆ ಆ ಮಣೆಯ ಮೇಲೆ ನಾನೇ ಕೂತೆ. ತಟ್ಟೆ ಎಂಜಲಾಗಬೇಕಿತ್ತಲ್ಲ. ಉಂಡ ತಟ್ಟೆಯನ್ನು ಇವರು ಒಂದು ನೋಟಕ್ಕೆ ಗುರುತಿಸುತ್ತಾರೆ, ಸುಮ್ಮನೆ ಕಲಸಿಟ್ಟರೆ ನಂಬುವವರಲ್ಲ.

ಎರಡು ತುತ್ತು ಉಂಡು ಏಳುವುದೆಂದುಕೊಂಡಿದ್ದೆ. ಏಳಲಿಕ್ಕಾಗಲಿಲ್ಲ ಮುಕ್ತಾ. ನಾನು ಹೊಟ್ಟೆ ತುಂಬ ಉಣ್ಣದೆ ಎಷ್ಟು ದಿನವಾಗಿತ್ತೆಂದು ನನಗೇ ಗೊತ್ತಿರಲಿಲ್ಲ. ಇನ್ನೊಂದು ಸಲ ಹಾಕಿಕೊಂಡೆ. ಬೆರಳು ನೆಕ್ಕಿದೆ. ತಿನ್ನುತ್ತ ಅಳು ಬಂತು, ತಿನ್ನುವುದನ್ನು ಮಾತ್ರ ನಿಲ್ಲಿಸಲಿಲ್ಲ. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಆದರೂ ಉಂಡೆ.

ಇವರು ಬಂದು ತಟ್ಟೆ ನೋಡಿದರು.

“ಬಂದಿದ್ರಾ?”

“ಬಂದಿದ್ರು.”

“ಮೊದ್ಲು ನೀರು ಕೊಟ್ಟಿಯಾ?”

“ಕೊಟ್ಟೆ.”

“ಸರಿ ಉಂಡ್ರಾ?”

“ಎರಡು ಸಲ ಹಾಕಿಸ್ಕೊಂಡ್ರು.”

ಇವರು ಗೋಡೆ ಹಿಡಿದು ನಡೆದು ಹೋಗಿ, ನಾನು ಬೇಡವೆಂದರೂ ಕೇಳದೆ, ಆ ಎಂಜಲು ತಟ್ಟೆಯನ್ನು ತಾವೇ ತೊಳೆದಿಟ್ಟರು. ಆಮೇಲೆ ಅಂಗಿ ಎತ್ತಿ ಸೂಜಿಗೆ ಹೊಟ್ಟೆ ತೋರಿಸಿದರು. ಬಡಿಸಿದೆ. ಉಂಡರು. ನಿನ್ನೆಯೂ ಉಂಡರು, ಇವತ್ತೂ.

ಇನ್ನು ನಿನಗೆ ಕಾಗದ ಬರೆಯುವುದಿಲ್ಲ. ಬರೆಯುವಂಥದ್ದು ನಮ್ಮ ನಡುವೆ ಏನೂ ಉಳಿದಿಲ್ಲ. ಒಂದು ಬೇಡಿಕೆ ಮಾತ್ರ. ಗಾಯ ಮಾಗಿ ಇವರು ಹೊರಗೆ ಓಡಾಡುವಂತಾದರೆ ಎಲ್ಲಿಯಾದರೂ, ಸ್ಟೇಷನ್ನಿನಲ್ಲೋ ಬಳಗದ ಕಾರ್ಯಕ್ರಮದಲ್ಲೋ, ನಿನಗೆ ಸಿಗಬಹುದು. ಸಿಕ್ಕರೆ ಹತ್ತಿರ ಬಂದು ಕೇಳಿಯೇ ಕೇಳುತ್ತಾರೆ, ಅವರಿಗೆ ಅದು ಮೂವತ್ತೈದು ವರ್ಷದ ಅಭ್ಯಾಸ. ಆಗ ಫೈಲಿನೊಳಗೆ ತಲೆ ಹಾಕಬೇಡ. ಊಟ ಚೆನ್ನಾಗಿತ್ತು ಎಂದು ಹೇಳು, ಸಾಕು.

ಜಯಲತಾ ಧರ್ಮಪಾಲ